ಏಳನೆಯ ಪ್ರಶ್ನೆ

ಒಬುಂಗಾದ ತಗಡಿನ ಕೋಣೆಯಲ್ಲಿ
ಇಪ್ಪತ್ತೆರಡು ವರ್ಷ ಊರ ಮಕ್ಕಳ ಮೂಗೊರೆಸಿದವಳು
ಐವತ್ತೊಂದಕ್ಕೆ ಪೆನ್ಸಿಲು ಕೆತ್ತಿಕೊಂಡು
ಸಂಜೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ.
ಕೌಂಟಿಯವರು ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದರು:
ಸರ್ಟಿಫಿಕೇಟು ಇಲ್ಲವೋ, ಬೀಗ.

ನಗು ಬಂದಿತ್ತು ಆಗ.
ಕೂಸನ್ನು ಎತ್ತಿಕೊಳ್ಳುವುದಕ್ಕೂ ಒಂದು ಪರೀಕ್ಷೆಯೇ?
ಮೀನಿನ ಮೂಳೆ ಕರಿದು ಮಾರುವ ತಾಯಂದಿರು
ಎಣ್ಣೆ ಕಮಟಿದ ಲೆಸೊ ಬಿಚ್ಚಿ, ಬೆನ್ನಿಂದಿಳಿಸಿ
ನನ್ನ ಕೈಗಿತ್ತು ಓಡಿದ ಮಕ್ಕಳನ್ನು ಲೆಕ್ಕವಿಟ್ಟವರು ಯಾರು?
ಹಲ್ಲು ಮೊಳೆತಾಗ, ಭೇದಿ ಹತ್ತಿದಾಗ,
ಸರೋವರದ ಕಡೆಯಿಂದ ಸೊಳ್ಳೆ ಎದ್ದು ಬಂದ ತಿಂಗಳುಗಳಲ್ಲಿ
ಯಾವ ಪುಸ್ತಕ ತೆಗೆದು ನೋಡಿದ್ದೆ ನಾನು?

ಪಕ್ಕದಲ್ಲಿ ವೆಲ್ಮಾ, ಹತ್ತೊಂಬತ್ತರವಳು,
ನನ್ನ ಕಿರುಬೆರಳು ಹಿಡಿದು ನಡೆಯಲು ಕಲಿತವಳು.
"ಅಜ್ಜೀ, ಇಲ್ಲಿ ಅಡಿಗೆರೆ ಎಳಿ" ಎನ್ನುತ್ತಿದ್ದಳು.
ಎಳೆಯುತ್ತಿದ್ದೆ. ಸೊಟ್ಟ.

ಕೆರುಬೊ ಮೇಡಂ ಹಲಗೆಯ ಮೇಲೆ ತಿಂಗಳುಗಳ ಏಣಿ ಬರೆದರು:
ಎರಡಕ್ಕೆ ನಗು, ನಾಲ್ಕಕ್ಕೆ ಕತ್ತು,
ಆರಕ್ಕೆ ಸದ್ದು ಬಂದತ್ತ ತಿರುಗುವ ಮುಖ,
ಒಂಬತ್ತಕ್ಕೆ ಹೆಸರಿಗೆ ಓಗೊಡುವುದು.
ಸೀಮೆಸುಣ್ಣ ಮುರಿಯಿತು. ಇನ್ನೊಂದು ತೆಗೆದರು.
"ಸುಮ್ಮನಿರುವ ಮಗುವನ್ನು ಒಳ್ಳೆಯ ಮಗು ಅನ್ನಬೇಡಿ.
ಮೊದಲು ಹತ್ತಿರ ಹೋಗಿ ನೋಡಿ."
ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ.
ಮಟಾಟುವಿನಲ್ಲಿ ನೇತಾಡುತ್ತ ಮನೆಗೆ ಬರುವಾಗ
ಕೊಂಡೆಲೆಯ ತಿರುವಿನಲ್ಲಿ,
ಒಚುಕಾ, ನೀನು ನೆನಪಾದೆ.

ಆ ಮೂಲೆಯ ಚಾಪೆ ನಿನ್ನದಾಗಿತ್ತು.
ತಗಡಿನ ಮೇಲೆ ಆಲಿಕಲ್ಲು ಸುರಿದು
ಹದಿಮೂರು ಮಕ್ಕಳು ಒಟ್ಟಿಗೆ ಕಿರುಚಿಕೊಂಡ ಮಧ್ಯಾಹ್ನ
(ವೆಲ್ಮಾ ನನ್ನ ಕೊರಳು ಬಿಡಲೇ ಇಲ್ಲ)
ನೀನೊಬ್ಬ ನಿದ್ದೆಯಲ್ಲಿದ್ದೆ.
"ಬಂಗಾರದಂಥ ಕೂಸು" ಎಂದೆ ನಿನ್ನಮ್ಮನಿಗೆ.
ತಟ್ಟೆ ಬಿದ್ದರೂ ಬೆಚ್ಚುವುದಿಲ್ಲ, ಬಂಗಾರ.
ಕರೆದರೂ ತನ್ನ ಪಾಡಿಗೆ ತಾನು, ಬಂಗಾರ.
ನಾಲ್ಕು ವರ್ಷ ಹೊಗಳಿದೆ ನಿನ್ನನ್ನು,
ಕಿವಿಯ ಬಳಿ ಒಂದು ಚಪ್ಪಾಳೆ ತಟ್ಟಲಿಲ್ಲ.

ಆಮೇಲೆ ಶಾಲೆಯವರು ದಡ್ಡ ಎಂದರು,
ನಿನ್ನಮ್ಮ ನಂಬಿದಳು, ನಾನು ಅಯ್ಯೋ ಪಾಪ ಎಂದೆ.
ಯಾರೂ ನನ್ನನ್ನು ಬೈಯಲಿಲ್ಲ.
ಬೈದಿದ್ದರೆ ಜಗಳವಾಡಬಹುದಿತ್ತು.

ಪರೀಕ್ಷೆಯಲ್ಲಿ ಏಳನೆಯ ಪ್ರಶ್ನೆ:
ನಿಮ್ಮ ಅನುಭವದಿಂದ ಒಂದು ಉದಾಹರಣೆ ಕೊಡಿ. ಹತ್ತು ಅಂಕ.
ನಿನ್ನ ಹೆಸರು ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ.
ಇನ್ನೊಂದು ಹಾಳೆ ಕೊಡಿ ಎಂದು ಕೈಯೆತ್ತಿದೆ.
ಹತ್ತಕ್ಕೆ ಎಂಟು ಬಂತು.
ಕಳೆದ ಎರಡು ಯಾವುದಕ್ಕೆಂದು ಹೇಳಲಿಲ್ಲ ಯಾರೂ.

ಈಗ ಹೊಸ ಕೂಸು ಬಂದ ದಿನ
ಅದರ ಬೆನ್ನ ಹಿಂದೆ ನಿಂತು ಎರಡು ಚಮಚ ಬಡಿಯುತ್ತೇನೆ.
ತಾಯಂದಿರು ನಗುತ್ತಾರೆ, ಮುದುಕಿಗೆ ಓದು ತಲೆಗೇರಿತೆಂದು.
ನಗಲಿ. ಬೆಚ್ಚಿ ಅತ್ತ ಕೂಸಿನ ಕೆನ್ನೆಗೆ
ಒಂದು ಮುತ್ತು ಹೆಚ್ಚಿಗೆ ಕೊಡುತ್ತೇನೆ.

ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹಾಕಿಸಿ
ನಿನ್ನೆ ಡುಂಗಾ ದಡಕ್ಕೆ ಬಂದೆ.
ಬಲೆ ರಿಪೇರಿಗೆ ಕೂತಿದ್ದೆ ನೀನು, ಬೆನ್ನು ಇತ್ತ.
ಕರೆಯಲು ತೆರೆದ ಬಾಯಿ ಮುಚ್ಚಿಕೊಂಡು
ದೋಣಿ ಬಳಸಿ, ಸುತ್ತಿ, ಕಣ್ಣೆದುರು ಬಂದು ನಿಂತೆ.
ಅಷ್ಟೇ ಇದ್ದದ್ದು ಅಂದು ಕೂಡ.

ನೀನು ಕೈಯೊರೆಸಿಕೊಂಡೆ, ಮುದ್ರೆಯ ಮೇಲೆ ಬೆರಳಾಡಿಸಿದೆ,
ನನ್ನತ್ತ ತೋರಿಸಿ ತೋಳಲ್ಲಿ ಗಾಳಿಯನ್ನು ತೂಗಿದೆ.
ಅಷ್ಟು ಅರ್ಥವಾಯಿತು.
ಆಮೇಲೆ ಎದೆಯಿಂದ ಹಣೆಗೆ, ಹಣೆಯಿಂದ ನೀರಿನತ್ತ
ಸರಸರ ಏನೋ ಹೇಳಿದೆ, ಉದ್ದವಾಗಿ, ಎರಡು ಕೈಯಲ್ಲೂ.
ತಲೆಯಾಡಿಸಿದೆ, ತಿಳಿದವಳಂತೆ.

ತಿಳಿಯಲಿಲ್ಲ, ಒಚುಕಾ.
ಅದನ್ನು ಎಲ್ಲಿ ಕಲಿಸುತ್ತಾರೆ, ಎಷ್ಟು ತಿಂಗಳು, ಫೀಜು ಎಷ್ಟು,
ಸೋಮವಾರ ಕೇಳಬೇಕು ಕೆರುಬೊ ಮೇಡಂ ಹತ್ತಿರ.